ಮಿತಿಯೊಳಗಿನ ಸದ್ದು

ರನ್‌ವೇ ಪಕ್ಕದ ಬಡಾವಣೆಯವರು ವಿಮಾನದ ಸದ್ದಿನ ಬಗ್ಗೆ ರಂಪ ಮಾಡುತ್ತಿದ್ದರು. ಅವರಿಗೆ ತಿಳಿವಳಿಕೆ ಕೊಡುವ ಕಾರ್ಯಕ್ರಮಕ್ಕೆಂದು ಎಂಜಿನಿಯರುಗಳ ಸಂಘ ಸಭೆ ಸೇರಿತ್ತು. ಸದ್ದು ಮಿತಿಯೊಳಗಿದೆ ಎಂಬ ವರದಿಗೆ ಸಹಿ ಹಾಕಿದ್ದ ಅಧ್ಯಕ್ಷ ಶೇಷಗಿರಿಯವರು ತಾವೇ ಎರಡು ಗಂಟೆ ಭಾಷಣ ಬಿಗಿಯುವುದೆಂದು ತೀರ್ಮಾನವಾಯಿತು. ಬಿಸ್ಕತ್ತಿನ ತಟ್ಟೆ ಎರಡು ಸುತ್ತು ಬಂದರೂ ಜಾಗ ಮಾತ್ರ ನಿಕ್ಕಿಯಾಗಲಿಲ್ಲ. ಜೋಂಪು ಹತ್ತಿದ್ದ ಕಾರ್ಯದರ್ಶಿ ಪದ್ಮಲತಾಗೆ ಥಟ್ಟನೆ ಹೊಳೆಯಿತು.

"ಸಾರ್, ಆ ಬಡಾವಣೆ ಸ್ಕೂಲಲ್ಲೇ ಮಾಡೋಣ. ಜನಕ್ಕೂ ನಡ್ಕೊಂಡು ಬರೋ ದೂರ. ಮುನ್ನೂರು ಮಕ್ಕಳು ಕೂತ್ಕೊಳ್ಳೋ ಹಾಲ್ ಇದೆ."

ಅಧ್ಯಕ್ಷರು ಬಿಸ್ಕತ್ತು ಕೆಳಗಿಟ್ಟರು.

"ಆ ಸ್ಕೂಲಾ? ತಲೆ ನೆಟ್ಟಗಿದೆಯೇನಮ್ಮಾ ನಿಂಗೆ?"

"ಯಾಕ್ ಸಾರ್?"

"ಐದು ನಿಮಿಷಕ್ಕೊಂದು ವಿಮಾನ ನೆತ್ತಿ ಮೇಲೇ ಹೋಗುತ್ತೆ. ಅಲ್ಲಿ ನನ್ನ ಭಾಷಣ ಯಾರಿಗೆ ಕೇಳಿಸುತ್ತೆ?"