ಎಪ್ಪತ್ತನಾಲ್ಕರ ಓಟ

ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ, ಮದರಾಸಿನ ಶಾಲೆಗಳ ಕ್ರೀಡಾಕೂಟದಲ್ಲಿ, ಹದಿನೈದು ವರ್ಷದ ಅಮ್ಮಣ್ಣಿ ಎಂಟುನೂರು ಮೀಟರ್ ಓಟವನ್ನು ಬರಿಗಾಲಿನಲ್ಲಿ ಗೆದ್ದಿದ್ದರು. ಲಂಗವನ್ನು ಮೊಣಕಾಲಿನವರೆಗೆ ಎತ್ತಿ ಪಿನ್ನು ಹಾಕಿಕೊಂಡಿದ್ದ ಆ ಹುಡುಗಿ, ಒಂದು ಕಾಲು ಊದಿಕೊಂಡಿದ್ದರೂ, ಕೊನೆಯ ತಿರುವಿನಲ್ಲಿ ಮೂವರನ್ನು ಹಿಂದೆ ಹಾಕಿದಳೆಂದು ಮನೆಯಲ್ಲಿ ಕಥೆ ನಡೆದುಬಂದಿತ್ತು. ಈಗ ಓಟದ ಮೈದಾನದಲ್ಲಿ ಅದೇ ಕಥೆಯನ್ನು ಅಮ್ಮಣ್ಣಿಯವರ ಮಗ ಸುಜಯೀಂದ್ರ, ಪೋಷಕರು ದಾಟಬಾರದೆಂದು ಕಟ್ಟಿದ್ದ ಹಗ್ಗವನ್ನು ದಾಟಿ ಬಂದು, ತನ್ನ ಮಗಳು ಸುಮೇಧಾಳ ಟೀ ಶರ್ಟಿಗೆ ಚೆಸ್ಟ್ ನಂಬರನ್ನು ಚುಚ್ಚುತ್ತ ಹೇಳುತ್ತಿದ್ದ.

“ನಿನ್ನ ಪಾಟಿ ಕಾಲು ಇದಕ್ಕಿಂತ ಊದಿತ್ತಮ್ಮಾ. ಬರೀ ಎರಡು ರೌಂಡು. ಹಲ್ಲು ಕಚ್ಕೊಂಡು ಓಡಿಬಿಡು.”

ಹದಿಮೂರು ವರ್ಷದ ಸುಮೇಧಾ ಎಡಗಾಲನ್ನು ನೆಲಕ್ಕೆ ಪೂರ್ತಿ ಊರದೆ ನಿಂತಿದ್ದಳು. ಮೂರು ವಾರಗಳಿಂದ ಮೊಣಕಾಲಿನ ಕೆಳಗಿನ ಮೂಳೆ ನೋಯುತ್ತಿತ್ತು. ಶಾಲೆಯ ಪಿ.ಟಿ. ಮಾಸ್ಟರ್ ವಿಘ್ನೇಶ್ ಮೂರನೆಯ ಬಾರಿ ತಮಿಳಿನಲ್ಲಿ ಬೇಡಿಕೊಂಡ: “ಬೇಡ ಸಾರ್. ಮೂಳೆ ಬಿರುಕು ಬಿಟ್ಟಿರಬಹುದು ಅಂತ ಡಾಕ್ಟರ್ ಹೇಳಿದಾರೆ. ಸ್ಕ್ಯಾನ್ ಆಗೋವರೆಗೆ ಓಡಿಸಬಾರದು.”

“ಇರಬಹುದು ಅಂದಿದಾರೆ, ಇದೆ ಅನ್ನಲಿಲ್ಲವಲ್ಲ! ಸೆಲೆಕ್ಷನ್ ಇವತ್ತು, ನಿಮ್ಮ ಸ್ಕ್ಯಾನ್‌ಗೆ ಕಾಯತ್ತಾ? ಕರೆಸ್ಪಾಂಡೆಂಟ್‌ಗೆ ಫೋನ್ ಹಾಕ್ಲಾ?”

ಶಾಲೆಯನ್ನು ನಡೆಸುವ ಕರೆಸ್ಪಾಂಡೆಂಟರ ಮಾತು ಬಂದೊಡನೆ ವಿಘ್ನೇಶ್ ಕಣ್ಣು ತಗ್ಗಿಸಿದ. ಅವನದು ಪ್ರತಿ ಜೂನಿನಲ್ಲಿ ಹೊಸದಾಗಿ ಸಹಿ ಹಾಕಿಸಿಕೊಳ್ಳುವ ಕೆಲಸ. ಸಿಮೆಂಟಿನ ಮೆಟ್ಟಿಲ ಮೇಲೆ ಕೊಡೆ ಹಿಡಿದು ಕುಳಿತಿದ್ದ ಅಮ್ಮಣ್ಣಿ ಇದಿಷ್ಟನ್ನೂ ನೋಡಿದರು. ಕೊಡೆಯನ್ನು ಮಡಿಸಿದರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಹಗ್ಗದ ಕೆಳಗೆ ನುಸುಳಿ ಬಂದರು.

“ಸುಮೇ, ನೋವಿದ್ಯೇನೇ?”

“ರೊಂಬ ವಲಿಕ್ಕುದು ಪಾಟಿ.” ತುಂಬ ನೋಯ್ತಿದೆ ಅಜ್ಜಿ ಎಂದಿದ್ದಳು; ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವುದು ಆ ಮಗುವಿನ ಅಭ್ಯಾಸ. ಬೆಳಗಿನಿಂದ ಆಕೆಯನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

“ಬಿಡಿಸೋ ಆ ಪಿನ್ನು,” ಎಂದರು ಅಮ್ಮಣ್ಣಿ ಮಗನಿಗೆ.

“ನೀನೇ ಹೀಗಂದ್ರೆ ಹೇಗಮ್ಮಾ? ಊದಿದ ಕಾಲಲ್ಲಿ ಓಡಿ ಗೆದ್ದವಳು ನೀನು—”

“ಓಡಲಿಲ್ಲ ಕಣೋ! ಕಾಲು ಊದಿದ್ದು ಎಪ್ಪತ್ನಾಲ್ಕರಲ್ಲಿ. ಗೆದ್ದಿದ್ದು ಎಪ್ಪತ್ತೈದರಲ್ಲಿ. ಎರಡನ್ನೂ ಒಂದು ಮಾಡಿ ಹೇಳ್ತಾ ಬಂದವಳು ನಾನೇ.” ಅವರ ಸಿಟ್ಟಿನಲ್ಲಿ ಅರ್ಧ ತಮ್ಮ ಮೇಲೆಯೇ ಇತ್ತು. “ಎಪ್ಪತ್ನಾಲ್ಕರಲ್ಲಿ ಗೆರೆ ಮೇಲೆ ನಿಂತಿದ್ದೆ. ನಮ್ಮ ಡ್ರಿಲ್ ಮೇಷ್ಟ್ರು ಸದಾನಂದಯ್ಯ ಬಂದು, ಎಲ್ಲರೆದುರಿಗೇ ನನ್ನ ನಂಬರು ಕಿತ್ತುಕೊಂಡರು. ಅತ್ತೆ, ಬೈದೆ, ಅವರ ಕೈಯನ್ನ ಕಚ್ಚಿಬಿಟ್ಟೆ. ಎರಡೇ ಪಾಯಿಂಟಿನಲ್ಲಿ ಸ್ಕೂಲಿಗೆ ಷೀಲ್ಡು ತಪ್ಪಿಹೋಯಿತು. ಹೆಡ್‌ಮಿಸ್ಟ್ರೆಸ್ಸು ಮಕ್ಕಳ ಮುಂದೆಯೇ ಅವರಿಗೆ ಛೀಮಾರಿ ಹಾಕಿದರು. ಆ ಮನುಷ್ಯ ಕಚ್ಚಿದ ಕೈಗೆ ಕರ್ಚೀಫು ಸುತ್ಕೊಂಡು ನಿಂತು ಕೇಳಿಸ್ಕೊಂಡರು. ಆಮೇಲೆ ಬಂದು ನನ್ನ ಪಕ್ಕದಲ್ಲಿ ಕೂತು, ‘ಷೀಲ್ಡು ಮುಂದಿನ ವರ್ಷವೂ ಬರತ್ತಮ್ಮ, ಓಡೋಕೆ ಕಾಲು ಇರಬೇಕಲ್ಲ’ ಅಂದರು. ಅವತ್ತು ಅವರು ಹೆದರಿದ್ದಿದ್ದರೆ ನಿನ್ನ ಎಪ್ಪತ್ತೈದು ಎಲ್ಲಿರ್ತಿತ್ತೋ?”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಜಂಬ! ಓಡದೆ ಕೂತಿದ್ದೆ ಅಂತ ಯಾರು ಹೇಳ್ಕೋತಾರೆ?”

“ಎರಡು ವರ್ಷದ ಕಷ್ಟ ಅಮ್ಮಾ ಇದು...”

“ಯಾರ ಕಷ್ಟ? ಬೀಚ್ ರೋಡಲ್ಲಿ ಓಡಿದ್ದು ಅವಳು. ನೀನು ಸ್ಕೂಟರ್ ಮೇಲೆ ಕೂತು ಹಿಂದಿನಿಂದ ಹಾರ್ನ್ ಹೊಡೀತಿದ್ದೆ.”

ಅಮ್ಮಣ್ಣಿ ತಾವೇ ನಾಲ್ಕು ಪಿನ್ನುಗಳನ್ನೂ ಬಿಡಿಸಿ, ಒಂದೊಂದಾಗಿ ತಮ್ಮ ಬಳೆಗೆ ಪೋಣಿಸಿಕೊಂಡರು. ಬಟ್ಟೆಯ ನಂಬರನ್ನು ಮಡಿಸಿ ವಿಘ್ನೇಶನ ಮುಂದೆ ಚಾಚಿ, ಅವನ ಭಾಷೆಯಲ್ಲಿಯೇ ಗದರಿದರು: “ತಗೊಳ್ಳಿ ಮಾಸ್ಟರ್. ಇದನ್ನ ಕೊಡೋದೂ ನೀವು, ಬೇಡ ಅನ್ನೋದೂ ನೀವು. ಒಂದು ಫೋನಿಗೆ ತಲೆ ತಗ್ಗಿಸಿದರೆ, ಈ ಮಗು ಯಾರನ್ನ ನಂಬಬೇಕು? ನಾವು ಅಪ್ಪ, ಅಜ್ಜಿ. ನೀರು ಕೊಡೋದು, ಚಪ್ಪಾಳೆ ತಟ್ಟೋದು, ಅಷ್ಟೇ ನಮ್ಮ ಕೆಲಸ. ನಾನೂ ಹಗ್ಗ ದಾಟಿ ಬರಬಾರದಿತ್ತು, ಇಗೋ, ಹೋಗ್ತೀನಿ.”

ವಿಘ್ನೇಶ್ ನಂಬರನ್ನು ತೆಗೆದುಕೊಂಡ. ಅನಂತರ ಶಾಮಿಯಾನದ ಕೆಳಗಿನ ಮೇಜಿನ ಬಳಿಗೆ ನೇರವಾಗಿ ನಡೆದು, ಪಟ್ಟಿಯಲ್ಲಿ ಸುಮೇಧಾಳ ಹೆಸರಿನ ಮೇಲೆ ಗೆರೆ ಎಳೆದು, ಸಹಿ ಹಾಕಿದ.

ಎಂಟುನೂರು ಮೀಟರಿಗೆ ಏಳು ಮಂದಿ ನಿಂತರು. ಒಂದು ಲೇನು ಖಾಲಿ. ಗುಂಡಿನ ಸದ್ದಿಗೆ ಹಗ್ಗದಾಚೆ ನಿಂತಿದ್ದ ಸುಜಯೀಂದ್ರನ ಹೆಬ್ಬೆರಳು ಅಭ್ಯಾಸಬಲದಿಂದ ಸ್ಟಾಪ್‌ವಾಚನ್ನು ಒತ್ತಿತು. ಯಾರಿಗಾಗಿಯೂ ಅಲ್ಲದೆ ಅದು ಓಡುತ್ತಲೇ ಇತ್ತು. ಮೆಟ್ಟಿಲ ಮೇಲೆ, ಕಾಲನ್ನು ಅಜ್ಜಿಯ ತೊಡೆಯ ಮೇಲೆ ಚಾಚಿ ಕುಳಿತಿದ್ದ ಸುಮೇಧಾ, ಅವರ ಬಳೆಯಲ್ಲಿದ್ದ ಪಿನ್ನುಗಳನ್ನು ಬೆರಳಿನಿಂದ ಸರಿಸುತ್ತ ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು:

“ಪಾಟೀ, ಆ ಕಥೆ ಇನ್ನೊಂದ್ಸಲ ಹೇಳು.”

“ಎಪ್ಪತ್ತೈದರದ್ದಾ?”

“ಗೆದ್ದಿದ್ದು ಬೇಡ. ಮೇಷ್ಟ್ರು ಪಕ್ಕದಲ್ಲಿ ಬಂದು ಕೂತ್ರಲ್ಲ, ಅದು.”