ಮಧ್ಯಾಹ್ನದ ಕೈ

“ಮುಟ್ಟಬೇಡಿ!”

ಹಲ್ಲಿನ ಡಾಕ್ಟರ ಬೆರಳು ಕಂಪ್ಯೂಟರಿನ ಬಟನ್ನಿನಿಂದ ಕೂದಲೆಳೆಯಷ್ಟು ದೂರದಲ್ಲಿ ನಿಂತಿತು.

“ಈಗ ಆಫ್ ಮಾಡಿದ್ರೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತೆ. ಕಾಪಿ ಇನ್ನೂ ಮುಗಿದಿಲ್ಲ,” ಎಂದ ರಿಪೇರಿಯವನು. ಅವನ ಎಡಗೆನ್ನೆ ಊದಿಕೊಂಡಿತ್ತು. ಮಾತು ಹತ್ತಿಯೊಳಗಿಂದ ಬಂದಂತೆ ಬರುತ್ತಿತ್ತು.

“ಪಾಪ, ನೋವಲ್ಲಿದ್ದೀರಿ. ಮೊದಲು ಹಲ್ಲು ನೋಡೋಣ ಅಂತ...”

“ಮೊದಲು ಕಂಪ್ಯೂಟರು ಅಂತ ನೀವೇ ಹೇಳಿದ್ರಲ್ಲ?”

“ನಾನು ಹೇಳಿದ್ನಾ?” ಡಾಕ್ಟರು ಕೆಮ್ಮಿದರು. “ಹಾಂ. ಹೇಳಿದೆ, ಹೇಳಿದೆ.”

ಹೇಳಿದ್ದೇನು, ಬೆಳಗ್ಗೆ ಗುಡುಗಿದ್ದರು. ಇದೇ ಕೋಣೆಯಲ್ಲಿ ಅವನ ದವಡೆಹಲ್ಲನ್ನು ಉಕ್ಕಿನ ಕಡ್ಡಿಯಿಂದ ಟಕ್ಕೆಂದು ಬಡಿದಿದ್ದರು. ಅವನು ಕುರ್ಚಿಯಲ್ಲೇ ಗೇಣುದ್ದ ಹಾರಿದ್ದ. “ಮಧ್ಯಾಹ್ನ ಬಾ. ಮೊದಲು ನನ್ನ ಕಂಪ್ಯೂಟರು, ಆಮೇಲೆ ನಿನ್ನ ಹಲ್ಲು!” ಎಂದವರೇ ಬಾಗಿಲ ಕಡೆ ತಿರುಗಿ, “ಲೇ, ಮುಂದಿನವರನ್ನ ಕಳಿಸೇ!” ಎಂದು ಹೊರಗಿನ ಮೇಜಿನ ಹೆಂಗಸನ್ನೂ ಗದರಿದ್ದರು.

ಅವನು ಮರುಮಾತಿಲ್ಲದೆ ಒಪ್ಪಿದ್ದ. ಎಷ್ಟೋ ದಿನದಿಂದ ಹಾಲು ಕುಡಿದೇ ಬದುಕಿದ್ದ. ಹಲ್ಲಿನ ಡಾಕ್ಟರೆಂದರೆ ಚಿಕ್ಕಂದಿನಿಂದಲೂ ಅವನ ಕೈಕಾಲು ತಣ್ಣಗಾಗುತ್ತಿತ್ತು. ಕೊನೆಗೂ ಧೈರ್ಯ ಕೊಟ್ಟದ್ದು ಬೀದಿಯವರ ಮಾತು. “ತೋರಿಸೋಕೆ ಬೆಳಗ್ಗೆ ಹೋದ್ರೂ ಕೀಳಿಸೋಕೆ ಮಧ್ಯಾಹ್ನ ಹೋಗು. ಬೆಳಗ್ಗೆ ಆ ಡಾಕ್ಟ್ರು ಹುಲಿ, ಊಟ ಆದ ಮೇಲೆ ಹಸು. ಹಲ್ಲು ಕೈಗೆ ಬಂದ್ರೂ ಗೊತ್ತಾಗಲ್ಲ.”

ಮಾತು ಸುಳ್ಳಲ್ಲ. ಈಗ ಡಾಕ್ಟರು ಬಾಯಿ ತುಂಬ ‘ಬನ್ನಿ, ಕೂತ್ಕೊಳ್ಳಿ’ ಎಂದಿದ್ದರು. ನೋವು ಯಾವತ್ತಿನಿಂದ ಎಂದು ಹೊಸದಾಗಿ ಕೇಳಿದ್ದರು. ಬೆಳಗ್ಗೆ ಗದರಿದ ಅದೇ ಹೆಂಗಸನ್ನು “ಅತ್ತಿಗೆ, ಇವರಿಗೆ ಸ್ವಲ್ಪ ನೀರು ಕೊಡ್ತೀರಾ?” ಎಂದು ಬೇಡಿಕೊಂಡಿದ್ದರು. ಹೊಟ್ಟೆ ತುಂಬಿದರೆ ಮನುಷ್ಯ ಎಷ್ಟು ಬದಲಾಗುತ್ತಾನೆ, ಎಂದುಕೊಂಡ ರಿಪೇರಿಯವನು.

ಕಂಪ್ಯೂಟರಿನ ಕಾಯಿಲೆ ದೊಡ್ಡದೇನಲ್ಲ. ಎಕ್ಸ್‌ರೇ ಚಿತ್ರಗಳಿಗೆಂದು ತಂದ ಹೊಸ ಡಿಸ್ಕು ಅದರ ಕಣ್ಣಿಗೇ ಬೀಳುತ್ತಿರಲಿಲ್ಲ. ಹಿಂದೆ ಯಾರೋ ಒಳಗಿನ ಎರಡು ಹಳೆಯ ಡಿಸ್ಕುಗಳನ್ನು ರೇಡ್ ಎಂಬ ಏರ್ಪಾಡಿನಲ್ಲಿ ಜೋಡಿ ಮಾಡಿಟ್ಟಿದ್ದರು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನಾಗಿ ಬರೆದುಕೊಳ್ಳುತ್ತಿತ್ತು. ಹೊಸ ಡಿಸ್ಕಿಗೆ ಅದರಲ್ಲಿ ಜಾಗವಿರಲಿಲ್ಲ. ಜೋಡಿ ಬಿಡಿಸಿ ಸಾದಾ ಮಾಡಬೇಕು, ಅಷ್ಟೆ.

ಹೊರಗೆ ಫೋನು ಬಡಿದುಕೊಂಡಿತು. ಅತ್ತಿಗೆಯ ದನಿ ಕೇಳಿಸಿತು. “ಡಾಕ್ಟ್ರು ಈಗ ಸಿಗಲ್ಲ. ಒಳಗೆ ಅದೇನೋ ರೇಡ್ ಅಂತೆ.”

ಡಾಕ್ಟರ ಮುಖ ಸುಣ್ಣವಾಯಿತು. “ರೇಡಾ?”

“ರೇಡೇ. ಹೆದರಬೇಡಿ, ಇವತ್ತೇ ಬಿಡಿಸಿಬಿಡ್ತೀನಿ.” ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. “ವಿಷಯ ಇಷ್ಟೇ. ಒಳಗೆ ಇಬ್ಬರಿದ್ದಾರೆ. ಹೊರಗಿನವರಿಗೆ ಕಾಣೋದು ಒಬ್ಬನೇ.”

ಡಾಕ್ಟರು ಗೋಡೆ ಹಿಡಿದುಕೊಂಡರು. “ನಿಮಗೆ ಹೇಗೆ ಗೊತ್ತಾಯ್ತು?”

“ನೋಡಿದ ತಕ್ಷಣ ಗೊತ್ತಾಗುತ್ತೆ. ಇಂಥವರನ್ನ ನಾನು ಎಷ್ಟು ನೋಡಿಲ್ಲ!”

“ಇಷ್ಟು ವರ್ಷ ಯಾರಿಗೂ ತೊಂದರೆ ಆಗಿಲ್ಲ.”

“ಯಾಕಾಗುತ್ತೆ? ಒಬ್ಬ ಮಲಗಿದ್ರೆ ಇನ್ನೊಬ್ಬ ಕೆಲಸ ನಡೆಸ್ತಾನೆ. ಅದಕ್ಕೇ ತಾನೇ ಈ ಏರ್ಪಾಡು? ಆದ್ರೆ ಇನ್ಮೇಲೆ ಅವರವರು ಅವರವರ ಹೆಸರಲ್ಲೇ ಇರಬೇಕು. ಒಬ್ಬನ್ನ ಹೊರಗೆ ತೆಗೀತೀನಿ.”

“ಯಾರನ್ನ?”

“ಯಾರಾದ್ರೇನು ಡಾಕ್ಟ್ರೇ, ಇಬ್ಬರೂ ಒಂದೇ ತಾನೇ.”

“ಒಂದೇ ಅಲ್ಲ,” ಎಂದರು ಡಾಕ್ಟರು ಪಿಸುದನಿಯಲ್ಲಿ.

ವಾದಿಸುವ ಚೈತನ್ಯ ಅವನಿಗಿರಲಿಲ್ಲ. ಹಲ್ಲು ಕಿವಿಯ ತನಕ ಸಿಡಿಯುತ್ತಿತ್ತು. ಕಾಪಿ ಮುಗಿಯಿತು. ಯಂತ್ರ ಮುಂದಿನ ಸಲ ಬರೀ ಅಗತ್ಯದ್ದನ್ನಷ್ಟೇ ಹಿಡಿದು ಏಳಲೆಂದು ಮೊದಲು ಸೇಫ್ ಮೋಡಿಗೆ ಗುರುತು ಹಾಕಿದ. ಅದನ್ನು ಮರೆತವರ ಕಂಪ್ಯೂಟರು ಮತ್ತೆ ಏಳುವುದಿಲ್ಲ. ಜೋಡಿ ಮುರಿದ. ಒಂದು ಡಿಸ್ಕನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಯಂತ್ರ ಏಳುವ ಮೊದಲೇ ತೆರೆದುಕೊಳ್ಳುವ ಸೆಟ್ಟಿಂಗಿನ ಪುಟಕ್ಕೆ ಹೋಗಿ, ರೇಡ್ ಇದ್ದ ಕಡೆ ಸಾದಾ ಮೋಡ್ ಆರಿಸಿದ. ಪರದೆ ಕಪ್ಪಾಯಿತು. ಇದು ಏಳದಿದ್ದರೆ ಇವತ್ತು ಹಲ್ಲೂ ಇಲ್ಲ, ನಿದ್ದೆಯೂ ಇಲ್ಲ.

ಎದ್ದಿತು. ಗುರುತು ತೆಗೆದು ಇನ್ನೊಮ್ಮೆ ಎಬ್ಬಿಸಿದ. ಹೊಸ ಡಿಸ್ಕು ಮದುಮಗನ ಹಾಗೆ ತನ್ನ ಜಾಗದಲ್ಲಿ ಕೂತಿತ್ತು.

“ಮುಗೀತು! ಇನ್ನು ನನ್ನ ಹಲ್ಲು.” ಅವನು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಬಾಯಿ ತೆರೆದ.

ಇಕ್ಕಳ ಹಿಡಿದ ಕೈ ಹತ್ತಿರ ಬಂತು. ಹಿಂದೆ ಸರಿಯಿತು.

“ದೊಡ್ಡ ಮನಸ್ಸು ನಿಮ್ಮದು,” ಎಂದರು ಡಾಕ್ಟರು. “ಎಲ್ಲ ಗೊತ್ತಾದ ಮೇಲೂ ನನ್ನ ಮುಂದೆ ಬಾಯಿ ತೆಗೀತಿದ್ದೀರಲ್ಲ.”

“ಏನು ಗೊತ್ತಾದ ಮೇಲೆ?”

“ನಾವು ಇಬ್ಬರು ಅಂತ. ನೀವೇ ಹೇಳಿದ್ರಲ್ಲ.”

ಒಳಬಾಗಿಲು ಧಡಾರನೆ ತೆರೆಯಿತು. “ಲೇ, ಕಂಪ್ಯೂಟರು ಆಯ್ತೇನೋ?” ಎನ್ನುತ್ತ ನಿದ್ದೆಗಣ್ಣಲ್ಲೇ ಡಾಕ್ಟರು ಬಂದರು. ಅದೇ ಮೂಗು, ಅದೇ ಮೀಸೆ, ಅದೇ ಬೋಳುತಲೆ. ಇಕ್ಕಳ ಹಿಡಿದ ಡಾಕ್ಟರು ಮಾತ್ರ ನಿಂತಲ್ಲೇ ನಿಂತಿದ್ದರು.

“ಇವನು ನಮ್ಮಣ್ಣ. ನನಗಿಂತ ಒಂದು ಗಳಿಗೆ ಮುಂಚೆ ಹುಟ್ಟಿದ. ಹಲ್ಲಿನ ಓದು ಓದಿದ್ದು ಇವನೇ,” ಎಂದರು ಮಧ್ಯಾಹ್ನದ ಡಾಕ್ಟರು ತಲೆ ತಗ್ಗಿಸಿ. “ನನ್ನದು ಗಡಿಯಾರ ರಿಪೇರಿ.”

ಅಣ್ಣ ತಮ್ಮನ ಮುಖ ನೋಡಿದರು, ರಿಪೇರಿಯವನ ಮುಖ ನೋಡಿದರು, ಇಕ್ಕಳ ಕಿತ್ತುಕೊಂಡರು. “ಗುಟ್ಟು ತಿಳೀತಲ್ಲ, ಇನ್ನು ನೀನೂ ಮನೆಯವನೇ. ಓದಿದ ಕೈ ಬೇಕಾ, ಹಗುರ ಕೈ ಬೇಕಾ? ಯಾರು ಕೀಳಬೇಕು, ಹೇಳು.”

ರಿಪೇರಿಯವನು ಬಾಯಿ ಮುಚ್ಚಿ ಕುರ್ಚಿಯಿಂದ ಇಳಿದ. “ಯಾರೂ ಬೇಡ.”