ಎಂಟನೇ ಮೆಟ್ಟಿಲು

"ಮದುವೆಯಾಗ್ತೇನೆ ಅಂದ್ರೆ ತಲೆ ಕೆಟ್ಟಿದೆ ಅಂತ ಅರ್ಥವಾ? ಯಾರನ್ನು ಕೇಳಿ ಮರೆವಿನ ಡಾಕ್ಟರ ಹತ್ತಿರ ನನ್ನ ಹೆಸರು ಬರೆಸಿದ್ದು ನೀನು?"

ಎಡ್ಮಂಡ್ ಮೇಜಿಗೆ ಗುದ್ದಿದ ಹೊಡೆತಕ್ಕೆ ಚಹಾ ತಟ್ಟೆಗೆ ಚೆಲ್ಲಿತು. ಪ್ರಾಯ ಅರವತ್ತೊಂಬತ್ತಾದರೂ ಉಡುಪಿ–ಕಾರ್ಕಳ ದಾರಿಯಲ್ಲಿ ಬಸ್ ಓಡಿಸಿದ ಕೈ ಅದು.

"ಡ್ಯಾಡಿ, ಬೊಬ್ಬೆ ಹಾಕಬೇಡಿ. ಈ ಪ್ರಾಯದಲ್ಲಿ ಇಂಥ ಯೋಚನೆ ಬಂದ್ರೆ ಒಮ್ಮೆ ತೋರಿಸುವುದು ಒಳ್ಳೆಯದು" ಎಂದಳು ಮಗಳು ಜೆನಿಟಾ. ಮನುಷ್ಯ ಹುಟ್ಟಿನಿಂದ ಸಾವಿನವರೆಗೆ ಹೇಗೆ ಬೆಳೆಯುತ್ತಾನೆ ಎಂದು ಕಾಲೇಜಿನಲ್ಲಿ ಪಾಠ ಮಾಡುವವಳು ಆಕೆ. ಮಣಿಪಾಲದ ಆ ಫ್ಲ್ಯಾಟಿನ ಹಾಲ್‌ನಲ್ಲಿ, ಏಸುವಿನ ಪಟದ ಪಕ್ಕದಲ್ಲೇ, ಅವಳ ಚಾರ್ಟ್ ತೂಗುತ್ತಿತ್ತು. ಅದರಲ್ಲಿ ಎಂಟು ಮೆಟ್ಟಿಲು. ಮೊದಲನೆಯದರ ಮೇಲೆ ತೊಟ್ಟಿಲ ಕೂಸು, ಎಂಟನೆಯದರ ಮೇಲೆ ಕೋಲೂರಿದ ಮುದುಕ. ತಂದೆಗೆ ಅರವತ್ತೈದು ತುಂಬಿದ ದಿನ ಆಕೆ ಒಂದು ಊರುಗೋಲನ್ನೇ ಉಡುಗೊರೆ ಕೊಟ್ಟಿದ್ದಳು. ಸುತ್ತಿದ ಪ್ಲಾಸ್ಟಿಕ್ಕನ್ನೂ ಬಿಚ್ಚದೆ ಎಡ್ಮಂಡ್ ಅದನ್ನು ಸೋಫಾದ ಹಿಂದೆ ನಿಲ್ಲಿಸಿದ್ದರು.

ಆ ಮನೆಯಲ್ಲಿ ಯಾರು ಏನು ಮಾಡಿದರೂ ಅದಕ್ಕೊಂದು ಮೆಟ್ಟಿಲಿತ್ತು. ಜೆನಿಟಾಳ ಮೂರು ವರ್ಷದ ಮಗ ಕಾರ್ಲ್ ಅಜ್ಜನ ಓದುವ ಕನ್ನಡಕವನ್ನು ಕಮೋಡಿಗೆ ಹಾಕಿ ಫ್ಲಶ್ ಮಾಡಿದ. ಸ್ವಂತ ಇಚ್ಛೆ ಮೂಡುವ ವಯಸ್ಸು, ಗದರಿಸಬಾರದು. ಅವನ ಅಕ್ಕ, ಹದಿನೈದರ ಆಶ್ಲಿ, ಬಾಗಿಲು ಬಡಿದ ರಭಸಕ್ಕೆ ಗೋಡೆಯ ಗಾರೆ ಉದುರಿತು. ತಾನು ಯಾರು ಎಂದು ಹುಡುಕುವ ವಯಸ್ಸು, ತೊಂದರೆ ಕೊಡಬಾರದು. ಅಳಿಯ ರೋನಿ ನಲವತ್ತೈದಕ್ಕೆ ಕೆಂಪು ಬುಲೆಟ್ ತಂದು, ಗೆಳೆಯರೊಂದಿಗೆ ಪಂಥ ಕಟ್ಟಿ, ಪಡುಬಿದ್ರಿಯ ಹೈವೇಯಲ್ಲಿ ಮಗುಚಿಕೊಂಡ. ನಡುಪ್ರಾಯದ ತಳಮಳ, ಅರ್ಥ ಮಾಡಿಕೊಳ್ಳಬೇಕು. ಈಗ ಅವನು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಸೋಫಾದಲ್ಲಿ ಕುಳಿತು, ಎಲ್ಲರಿಂದ ಅರ್ಥ ಮಾಡಿಸಿಕೊಳ್ಳುತ್ತಿದ್ದ.

"ಡಾಕ್ಟರ್ ನೋಡಿ ಹೇಳುವವರೆಗಾದ್ರೂ ನಿಲ್ಲಿಸಿ" ಎಂದಳು ಜೆನಿಟಾ.

"ನಿಲ್ಲಿಸುವುದಿಲ್ಲ. ನಾಳೆ ಭಾನುವಾರ ಇಗರ್ಜಿಯಲ್ಲಿ ಫಾದರ್ ಮದುವೆಯ ಪ್ರಕಟಣೆಯಲ್ಲಿ ನಮ್ಮ ಹೆಸರು ಓದ್ತಾರೆ, ನನ್ನದು ಮತ್ತು ರೋಸಿಯದು. ಡಾಕ್ಟರ ಹತ್ತಿರ ಬೇಕಾದ್ರೆ ನೀನೇ ಹೋಗು."

ರೋಸಿ ಕಾರ್ಕಳದಾಚೆ ಬಜಗೋಳಿಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿರುವ ವಿಧವೆ.

"ಪ್ರೀತಿ, ಮದುವೆ ಎಲ್ಲ ಆರನೇ ಮೆಟ್ಟಿಲು ಡ್ಯಾಡಿ. ಅದನ್ನು ನೀವು ಮುಗಿಸಿ ಆಗಿದೆ."

"ನಾನು ಮುಗಿಸಿದ್ದಲ್ಲ ಮಾರಾಯ್ತಿ. ನಿನ್ನ ಮಮ್ಮಿ ತೀರಿಹೋದದ್ದು."

ಜೆನಿಟಾ ಒಂದು ಕ್ಷಣ ತಡವರಿಸಿದಳು. ಪಾಠ ಮಾಡುವವಳಲ್ಲವೇ, ಬೇಗ ಸುಧಾರಿಸಿಕೊಂಡಳು. "ಈಗ ನಿಮ್ಮದು ಬದುಕನ್ನು ತಿರುಗಿ ನೋಡಿ ತೃಪ್ತಿಪಡುವ ಕಾಲ."

"ನೋಡಿದೆ. ತೃಪ್ತಿಯೂ ಆಯ್ತು. ಎಷ್ಟು ಹೊತ್ತು ನೋಡುವುದು? ಹಿಂದಿನ ಕನ್ನಡಿಯನ್ನೇ ನೋಡಿಕೊಂಡು ಓಡಿಸಿದ್ರೆ ಬಸ್ಸು ತೋಡಿಗೆ ಬೀಳ್ತದೆ."

"ಆ ರೋಸಿ ಆಂಟಿಯ ಹತ್ತಿರ ಎಂತ ಉಂಟು, ಇಲ್ಲಿ ಇಲ್ಲದ್ದು? ನಾವು ನಿಮ್ಮನ್ನು ಅರ್ಥ ಮಾಡಿಕೊಳ್ಳುವುದಿಲ್ವಾ?"

"ಅದೇ ತೊಂದರೆ! ನೀವು ಬರೀ ಅರ್ಥ ಮಾಡಿಕೊಳ್ತೀರಿ. ರೋಸಿ ಬೈತಾಳೆ. ಮೊನ್ನೆ ಅಂಗಿಯ ಗುಂಡಿ ಹೋದದ್ದು ನೋಡಿ, 'ನಾಚಿಕೆ ಇಲ್ವಾ ನಿಮಗೆ, ಬಿಚ್ಚಿ ಕೊಡಿ ಇಲ್ಲಿ' ಅಂದ್ಳು. ನಿನ್ನ ಮಮ್ಮಿ ಆನಿ ಹೋದ ಮೇಲೆ ನನಗೆ ಯಾರೂ ಬೈದದ್ದಿಲ್ಲ."

ರೋನಿ ಫಕ್ಕನೆ ನಕ್ಕ. ಹೆಂಡತಿಯ ಮುಖ ನೋಡಿ ನಗುವನ್ನು ಕೆಮ್ಮಾಗಿ ಮಾಡಿದ.

ಜೆನಿಟಾಳ ದನಿ ಏರಿತು. "ಕಾಪುವಿನಿಂದ ಕಾರ್ಕಳದವರೆಗೆ ತಾಯಂದಿರ ಸಭೆಯಲ್ಲಿ ಭಾಷಣ ಮಾಡುವವಳು ನಾನು. ಇನ್ನು ಯಾವ ಮುಖ ಇಟ್ಟುಕೊಂಡು ಹೋಗಲಿ? ಮತ್ತೆ ಪ್ಲೇ ಸ್ಕೂಲಿನಿಂದ ಕಾರ್ಲ್‌ನನ್ನು ಕರ್ಕೊಂಡು ಬರುವುದು ಯಾರು? ಅವನಿಗೆ ಊಟ ಮಾಡಿಸುವುದು ಯಾರು? ಮೀನು ತರುವುದು ಯಾರು?"

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಅದು ಕೇಳಿಸಿತು.

ಎಡ್ಮಂಡ್ ಎದ್ದು ಚಾರ್ಟಿನ ಹತ್ತಿರ ಹೋದರು. ಕನ್ನಡಕ ಇಲ್ಲದ್ದರಿಂದ ಮೂಗು ತಾಗುವಷ್ಟು ಬಗ್ಗಿ, ಕೆಳಗಿನಿಂದ ಒಂದೊಂದೇ ಮೆಟ್ಟಿಲಿನ ಮೇಲೆ ಬೆರಳಾಡಿಸಿದರು.

"ಮಗುವನ್ನು ಕರ್ಕೊಂಡು ಬರುವುದು, ಮೀನು ತರುವುದು... ಇದು ಎಷ್ಟನೇ ಮೆಟ್ಟಿಲು ಬಾಯೆ? ನನಗೆ ಕಾಣುವುದಿಲ್ಲ" ಎಂದು ಮಗಳನ್ನು ಕೇಳಿದರು.

ಜೆನಿಟಾಳ ಕಣ್ಣಿನಲ್ಲಿ ನೀರು ಬಂದದ್ದು ಸಿಟ್ಟಿನಿಂದಲೋ ಬೇರೆಯದರಿಂದಲೋ, ಅದನ್ನು ಯಾವ ಹಂತಕ್ಕೆ ಸೇರಿಸುವುದೆಂದು ಅವಳಿಗೆ ಹೊಳೆಯಲಿಲ್ಲ. ಎಡ್ಮಂಡ್ ಒಳಗಿನಿಂದ ಬಟ್ಟೆಯ ಚೀಲವನ್ನೂ ಆನಿಯ ಫೋಟೋವನ್ನೂ ತಂದರು. ಲಿಫ್ಟಿಗೆ ಕಾಯದೆ ಮೆಟ್ಟಿಲುಗಳಲ್ಲೇ ಇಳಿದರು. ಚಪ್ಪಲಿಯ ಸದ್ದು ದಡದಡನೆ ಕೆಳಗೆ ಹೋಯಿತು.

"ಮಾಂವ್! ಊಟ ಮಾಡಿಯಾದ್ರೂ ಹೋಗಿ!" ಎಂದು ರೋನಿ ಮಾವನನ್ನು ಕೂಗಿದ. ಎದ್ದು ನಿಲ್ಲಲು ಆಗಲಿಲ್ಲ. ಸೋಫಾದ ಹಿಂದೆ ಕೈ ಹಾಕಿ ತಡಕಾಡಿದ. ಕೈಗೆ ಸಿಕ್ಕಿದ್ದರ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದು, ಊರಿಕೊಂಡು, ಕುಂಟುತ್ತಾ ಕಿಟಕಿಯವರೆಗೆ ಬಂದ. ಅಷ್ಟರಲ್ಲಿ ಎಡ್ಮಂಡ್ ರಸ್ತೆ ದಾಟಿ, ಹೊರಟಿದ್ದ ಕಾರ್ಕಳ ಬಸ್ಸಿನ ಕಂಬಿ ಹಿಡಿದು ಹಾರಿ ಹತ್ತಿಯಾಗಿತ್ತು. ಆಮೇಲೆ ಅವರು ಆ ಮನೆಗೆ ಬರಲೇ ಇಲ್ಲ.

ಅಂದು ಬಸ್ಸು ಮರೆಯಾದ ಮೇಲೆ ಜೆನಿಟಾ ತಿರುಗಿ ನೋಡಿದಳು. ಕಿಟಕಿಯಿಂದ ಮರಳಿದ ನಲವತ್ತೈದರ ರೋನಿ, ಚಾರ್ಟಿನ ಕೆಳಗೆ ಕೋಲೂರಿ ನಿಂತಿದ್ದ. ಕೋಲು ಅವನಿಗೆ ಅಳತೆ ತೆಗೆದು ಮಾಡಿಸಿದ ಹಾಗಿತ್ತು.